ಗದ್ದಲ ರಾಕ್‌ದಲ್ಲ, ಸೌಂಡ್ ಹಚ್ಚಿದವರದು

ನಿನ್ನಿ ರಾತ್ರಿ ಕಲಬುರಗಿಯೊಳಗ ಒಂದು ಕಾಲೇಜಿನ ಗ್ಯಾದರಿಂಗ್. ಐದು ಮಂದಿ ಹುಡುಗ್ರು ಹುಡುಗ್ಯಾರು ಕೂಡಿ ಷರೀಫಜ್ಜನ ‘ಗುಡುಗುಡಿಯ ಸೇದಿ ನೋಡೋ’ ಎತ್ತಿಕೊಂಡಿದ್ರು. ಡ್ರಮ್, ಬಾಸ್ (ದಪ್ಪ ಸ್ವರದ ಗಿಟಾರ್), ಗಿಟಾರ್, ತಬಲಾ, ಒಬ್ಬಾಕಿ ಹಾಡಾಕಿ. ಅವರು ಬಾರಿಸಿದ್ದು ಛಲೋ ಇತ್ತು, ಬೆರಳು ನೋಡಿದ್ರ ಗೊತ್ತಾಗ್ತಿತ್ತು. ಮಂದಿಗೆ ಕೇಳಿಸಿದ್ದು ಬರೇ ಗುಂಯ್ ಅನ್ನೋ ಸದ್ದು. ಹಾಡು ಮುಗೀತಿದ್ದಂಗ ವೇದಿಕಿ ಮ್ಯಾಲಿದ್ದ ಹಿರಿಯರೊಬ್ಬರು ಮೈಕ್ ತಗೊಂಡು, ರಾಕ್ ಅಂದ್ರ ಗದ್ದಲ, ಇದು ನಮ್ಮ ಮಣ್ಣಿಂದಲ್ಲ, ನಮ್ಮ ದೇಶದಾಗ ಇಂಥಾದ್ರೊಳಗ ದೊಡ್ಡವರು ಯಾರೂ ಆಗಿಲ್ಲ ಅಂತ ಹೇಳಿ ಕುಂತ್ರು. ಚಪ್ಪಾಳಿ ಬೇರೆ ಬಿತ್ತು. ನನಗ ಇನ್ನಾ ಸಿಟ್ಟು ಇಳಿದಿಲ್ಲ, ಅದಕ್ಕ ಉದ್ದ ಬರೀಲಿಕ್ಕತ್ತೀನಿ.

ದೊಡ್ಡವರು ಆಗಿಲ್ಲ? ಕಲ್ಕತ್ತಾದಾಗ 1970ರ ದಶಕದ ನಡುವೆ ಗೌತಮ್ ಚಟ್ಟೋಪಾಧ್ಯಾಯ ಮತ್ತ ಅವರ ಗೆಳೆಯರು ‘ಮೊಹೀನೇರ್ ಘೋಡಾಗುಲಿ’ ಅನ್ನೋ ಬ್ಯಾಂಡ್ ಕಟ್ಟಿದ್ರು. ಹೆಸರು ತಗೊಂಡದ್ದು ಬಂಗಾಳಿ ಕವಿ ಜೀಬನಾನಂದ ದಾಸರ ಕವಿತಿಯೊಂದರಿಂದ. ಬಾವುಲ್ ಪದ (ಬಂಗಾಳದ ಅಲೆಮಾರಿ ಸಾಧುಗಳ ಹಾಡು), ಊರಿನ ಬೀದಿ, ಬಂಗಾಳಿ ಮಾತು, ಇವಕ್ಕ ಗಿಟಾರ್ ಕೂಡಿಸಿದ್ರು. 1977ರಾಗ ಮೊದಲನೇ ರೆಕಾರ್ಡ್ ಬಂತು. ಆ ಕಾಲಕ್ಕ ಅವರನ್ನ ಕೇಳಿದೋರು ಭಾಳ ಕಡಿಮಿ. 2006ರಾಗ ‘ಗ್ಯಾಂಗ್‌ಸ್ಟರ್’ ಸಿನಿಮಾದ ‘ಭೀಗೀ ಭೀಗೀ’ ಹಾಡಿಗೆ ದೇಶ ಎಲ್ಲಾ ತಲಿ ದೂಗ್ತಲ್ಲ, ಅದರ ಧಾಟಿ ಇವರ ‘ಪೃಥಿಬೀಟಾ ನಾಕಿ’ದ್ದು. ಮುಂಬಯಿಯ ರಾಕ್ ಮಷೀನ್ 1984ರಾಗ ಹುಟ್ಟಿ, ಬೇರೆಯವರ ಹಾಡು ಬಿಟ್ಟು ಸ್ವಂತ ಹಾಡು ಬರದು, ಮುಂದ ಇಂಡಸ್ ಕ್ರೀಡ್ ಅಂತ ಹೆಸರು ಬದಲಿಸ್ಕೊಂಡಿತು. ದಿಲ್ಲಿಯ ಪರಿಕ್ರಮ 1991ರದ್ದು. ಇವೆರಡೂ ಇಂಗ್ಲಿಷಿನಾಗ ಹಾಡಿದವು. ಮರ್ಯಾದಿ ಕೊಡ್ತೀನಿ, ಆದ್ರ ನನ್ನ ಲೆಕ್ಕದಾಗ ಮೊದಲನೇ ಸಾಲಿಗೆ ಬರಂಗಿಲ್ಲ.

ಮೊದಲನೇ ಜಾಗ ಇಂಡಿಯನ್ ಓಶನ್ ಬ್ಯಾಂಡಿಂದು. ಇದರಾಗ ರಾಜಿ ಇಲ್ಲ.

1990ರಾಗ ದಿಲ್ಲಿಯೊಳಗ ಸುಷ್ಮಿತ್ ಸೇನ್, ಅಶೀಮ್ ಚಕ್ರವರ್ತಿ ಶುರು ಮಾಡಿದ್ದು. ಬಾಸ್‌ಗೆ ರಾಹುಲ್ ರಾಮ್, ಡ್ರಮ್‌ಗೆ ಅಮಿತ್ ಕಿಲಂ ಬಂದ ಮ್ಯಾಲ ಆ ನಾಲ್ವರ ಸದ್ದು ಗಟ್ಟಿ ಆಯ್ತು. 2000ದಾಗ ‘ಕಂದೀಸಾ’ ಆಲ್ಬಮ್ ಬಂತು. ಆ ಹೆಸರಿನ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಹಳೇ ಸಿರಿಯಾಕ್ ಭಾಷಾದ ಪ್ರಾರ್ಥನಾ. ಅದೇ ಆಲ್ಬಮ್‌ದಾಗ ‘ಮಾ ರೇವಾ’ ನರ್ಮದಾ ದಂಡಿಯ ಪದ. ರಾಹುಲ್ ರಾಮ್ ನರ್ಮದಾ ಬಚಾವೋ ಆಂದೋಲನದಾಗ ಇದ್ದವರು. ಈಗ ಆ ಆಲ್ಬಮ್‌ದಾಗಿನ ಅವರ ಸದ್ದನ್ನ ಬಿಚ್ಚಿ ನೋಡ್ರಿ. ಸುಷ್ಮಿತ್ ಸೇನ್ ಗಿಟಾರ್ ಕರ್ರ್ ಅಂತ ಒದರಂಗಿಲ್ಲ, ಅಕೂಸ್ಟಿಕ್ ತಂತಿ ಬಿಡಿಬಿಡಿಯಾಗಿ ಓಡ್ತಾವ. ಅಶೀಮ್ ಚಕ್ಕಳಮಕ್ಕಳ ಹಾಕಿ ಕುಂತು ತಬಲಾ ಬಾರಿಸ್ತಾನೇ ಹಾಡೋರು. ಡ್ರಮ್‌ದವರು ತಬಲಾಕ್ಕ ಜಾಗ ಬಿಟ್ಟು ಬಾರಿಸ್ತಾರ. ತಬಲಾ ತುಂಬಿ ಹರಿಯೋ ಹೊತ್ತಿಗೆ ಡ್ರಮ್ ಸಣ್ಣದಾಗ್ತದ. ನಾಲ್ವರು ಒಬ್ಬರ ಮ್ಯಾಲ ಒಬ್ಬರು ಬೀಳಂಗಿಲ್ಲ. ಅಮಿತ್ ಕಿಲಂ ನಡುವೆ ಗಬಗುಬಿ ಮೀಟ್ತಾರ, ಬಾವುಲರ ವಾದ್ಯ ಅದು, ನಮ್ಮ ಎಲ್ಲಮ್ಮನ ಜೋಗತ್ಯಾರ ಚೌಡಕಿಯ ಬಳಗದ್ದು. ಚೌಡಕಿ ಕೇಳಿ ಬೆಳೆದ ಊರಿನವರು ಇದನ್ನ ಪರದೇಶದ ಗದ್ದಲ ಅಂತೀರಿ ಅಂದ್ರ ನನಗ ಹೊಟ್ಟಿ ಉರೀತದ. 2009ರ ಡಿಸೆಂಬರ್‌ದಾಗ ಅಶೀಮ್ ತೀರಿಕೊಂಡ್ರು. ಆ ಕಂಠ ಮತ್ತ ಸಿಕ್ಕಿಲ್ಲ, ಸಿಗಂಗೂ ಇಲ್ಲ.

ದಕ್ಷಿಣಕ್ಕ ಬಂದ್ರ, ಮಲಯಾಳಂದಾಗ ಅವಿಯಲ್ ಅನ್ನೋ ಬ್ಯಾಂಡ್ (2008ರ ಆಲ್ಬಮ್ ಪೂರಾ ಕೇಳ್ರಿ), ಕೊಚ್ಚಿಯ ಮದರ್‌ಜೇನ್. ಮದರ್‌ಜೇನ್‌ದಾಗಿದ್ದ ಬೈಜು ಧರ್ಮಜನ್ ಗಿಟಾರಿನ ಮ್ಯಾಲ ಕರ್ನಾಟಕ ಸಂಗೀತದ ಗಮಕ ತೆಗೆದವರು. ಕನ್ನಡದಾಗ ರಘು ದೀಕ್ಷಿತ್ ಪ್ರಾಜೆಕ್ಟ್. 2008ರ ಮೊದಲ ಆಲ್ಬಮ್‌ದಾಗೇ ಷರೀಫರು ಬಂದ್ರು. 2011ರಾಗ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಾಗ ಇದೇ ಬ್ಯಾಂಡ್ ಕಾಲಿಗೆ ಗೆಜ್ಜಿ ಕಟ್ಕೊಂಡು ನಿಂತಿತ್ತು. ರಘು ಅವರ ತಮ್ಮ ವಾಸು ದೀಕ್ಷಿತ್ ಇರೋ ಸ್ವರಾತ್ಮ ಬ್ಯಾಂಡ್ ಕಾವೇರಿ ಜಗಳದ ಮ್ಯಾಲ ‘ಪ್ಯಾಸಿ’ ಮಾಡ್ತು. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಬಾರಿಸ್ಲಿಕ್ಕತ್ತಾರ. ಇಷ್ಟು ಸಾಕಲ್ಲ?

ಈಗ ಗದ್ದಲದ ಮಾತಿಗೆ ಬರ್ತೀನಿ. ನಿನ್ನಿ ಗದ್ದಲ ಎಲ್ಲಿಂದ ಬಂತು ಗೊತ್ತದೇನು? ಮೆರವಣಿಗಿಗೆ ಹಚ್ಚೋ ಡಿಜೆ ಸೆಟ್ ತಂದು ಬ್ಯಾಂಡಿಗೆ ಹಚ್ಚಿದ್ರು. 18 ಇಂಚಿನ ಬಾಸ್ ಡಬ್ಬಿ ಸಾಲಾಗಿ, ಮ್ಯಾಲ ಹಾರ್ನ್ (ಚೂಪು ಸದ್ದಿನ ಸ್ಪೀಕರ್). ಆ ಸೆಟ್ಟಿನ ಈಕ್ವಲೈಸರ್ (ಎಡಕ್ಕ ದಪ್ಪ ಸದ್ದು, ಬಲಕ್ಕ ಚೂಪು ಸದ್ದು, ಬ್ಯಾರೆಬ್ಯಾರೆ ಏರಿಸಿ ಇಳಿಸೋ ಗುಂಡಿ ಸಾಲು) ನೋಡ್ರಿ: ಎಡಕ್ಕ ಮ್ಯಾಲ, ಬಲಕ್ಕ ಮ್ಯಾಲ, ನಡುವೆ ಪೂರಾ ತಗ್ಗು. ಪೆನ್‌ಡ್ರೈವ್ ಹಾಡಿಗೆ ಅದು ನಡೀತದ, ಯಾಕಂದ್ರ ಸ್ಟುಡಿಯೋದವರು ಮೊದಲೇ ಎಲ್ಲಾ ಅಳತಿ ಮಾಡಿ ಇಟ್ಟಿರ್ತಾರ. ಮನುಷ್ಯಾ ಹಾಡಿದ್ರ ಅಕ್ಷರ ತಿಳಿಯೋದು 1,000ದಿಂದ 4,000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ನಡುವೆ. ಅದನ್ನೇ ಕೆಳಗ ಇಳಿಸಿಬಿಟ್ರ ಷರೀಫರ ಮಾತು ಎಲ್ಲಿ ಕೇಳಬೇಕು?

ಮ್ಯಾಲ ಎಕೋ. ಭಜನಿ, ಭಾಷಣ, ಎಲ್ಲದಕ್ಕೂ ಎಕೋ ಹಚ್ಚೋದು ನಮ್ಮ ಕಡಿ ಚಟ ಆಗ್ಯದ. ನಿಮಿಷಕ್ಕ 120 ಪೆಟ್ಟಿನ ಹಾಡಿನಾಗ ಎರಡು ಪೆಟ್ಟಿನ ನಡುವೆ ಇರೋದು ಅರ್ಧ ಸೆಕೆಂಡ್. ಎಕೋ 300 ಮಿಲಿಸೆಕೆಂಡಿಗೆ ಇಟ್ರ ಪ್ರತಿ ಪದ ಎರಡು ಪೆಟ್ಟಿನ ನಡುವಿನ ಖಾಲಿ ಜಾಗದಾಗ ಮತ್ತೊಮ್ಮೆ ಬೀಳ್ತದ. ತಾಳ ಕಲಸಿ ಹೋಗ್ತದ. ಬ್ಯಾಂಡಿಗೆ ಎಕೋ ಬಂದ್ ಮಾಡ್ರಿ, ಸಣ್ಣ ರಿವರ್ಬ್ (ಕೋಣಿಯೊಳಗ ಹಾಡಿದಂಥ ಗುಂಗು) ಸಾಕು, ತಗಡಿನ ಶೆಡ್ ಇದ್ರ ಅದೂ ಬ್ಯಾಡ.

ಗಿಟಾರ್ ಅಂತೂ ಕೊಂದೇಬಿಟ್ರು. ಡಿಸ್ಟಾರ್ಷನ್ ಪೆಡಲಿನಿಂದ (ಗಿಟಾರಿನ ಸದ್ದು ಒರಟು ಮಾಡೋ ಡಬ್ಬಿ) ವೈರ್ ತಗೊಂಡು ಸೀದಾ ಮಿಕ್ಸರ್‌ಗೆ (ಎಲ್ಲಾ ಮೈಕಿನ ಸದ್ದು ಕೂಡಿಸೋ ಯಂತ್ರ) ಚುಚ್ಚಿದ್ರು. ಗಿಟಾರ್ ಆಂಪ್ಲಿಫೈಯರಿನ 12 ಇಂಚಿನ ಸ್ಪೀಕರ್ 5,000 ಹರ್ಟ್ಜ್ ಮ್ಯಾಲಿನ ಸದ್ದನ್ನ ತಾನೇ ತಡೀತದ. ಪೆಡಲ್ ಮಾಡಿರೋದೇ ಆ ಸ್ಪೀಕರ್ ನಂಬಿ. ಸೀದಾ ಕೊಟ್ರ ಮ್ಯಾಲಿನದ್ದೆಲ್ಲಾ ಹಾರ್ನಿಗೆ ಹೋಗಿ, ಕಾದ ಎಣ್ಣಿಗೆ ನೀರು ಬಿದ್ದಂಗ ಚುರ್‌ಗುಡ್ತದ. ಸಣ್ಣ ಆಂಪ್ಲಿಫೈಯರ್ ಇಟ್ಟು ಅದರ ಸ್ಪೀಕರಿನ ಮುಂದ ಒಂದಿಂಚು ಬಿಟ್ಟು, ನಟ್ಟನಡುವಿನಕಿಂತ ಸ್ವಲ್ಪ ಬಾಜೂಕ್ಕ ಮೈಕ್ ಹಿಡೀರಿ. ಆಂಪ್ಲಿಫೈಯರ್ ಇಲ್ಲಂದ್ರ ಆ ಸ್ಪೀಕರಿನಂಗ ಸದ್ದು ಸೋಸೋ ಕ್ಯಾಬಿನೆಟ್ ಸಿಮ್ಯುಲೇಟರ್ ಇರೋ ಪೆಡಲ್ ತರ್ರಿ.

ತಬಲಾ ಮತ್ತ ಬಾಸ್ ಗಿಟಾರ್ ಕೂಡಿದಾಗ ಇನ್ನೂ ಜ್ವಾಕಿ ಬೇಕು. ಬಾಸಿನ ದಪ್ಪ ತಂತಿ 41 ಹರ್ಟ್ಜ್‌ದಿಂದ ಶುರು ಆಗಿ ಮ್ಯಾಲ ಹೋಗ್ತದ, ಡಗ್ಗಾದ (ತಬಲಾ ಜೋಡಿಯ ದೊಡ್ಡದು) ಘುಮುಕು 100ರ ಆಸುಪಾಸು, ಕಿಕ್ ಡ್ರಮ್ (ಕಾಲಿಂದ ಬಾರಿಸೋ ದೊಡ್ಡ ಡ್ರಮ್) 60ರ ಹತ್ರ. ಮೂರಕ್ಕೂ ತಳದ ದಪ್ಪ ಸದ್ದು ಏರಿಸಿದ್ರ ಮೂರೂ ಒಂದೇ ಉಂಡಿ. ಕಿಕ್‌ಗೆ ತಳ ಬಿಡ್ರಿ, ಬಾಸ್ ಗಿಟಾರ್‌ನ್ಯಾಗ 250ರ ಸುತ್ತ ಸ್ವಲ್ಪ ಕೊಯ್ರಿ, ಗಿಟಾರ್ ಮತ್ತ ಹಾಡೋರ ಮೈಕಿಗೆ 100–120ರ ಕೆಳಗ ಪೂರಾ ಕಟ್. ತಬಲಾ ಡ್ರಮ್ಮಿನ ತಾಟಿನಿಂದ ಆರೇಳು ಫೂಟ್ ದೂರ ಇರಲಿ, ತಬಲಾ ಮೈಕಿನ ಬೆನ್ನು ಡ್ರಮ್ ಕಡೆ. ಚಾನಲ್ (ಮಿಕ್ಸರ್‌ದಾಗ ಒಂದೊಂದು ವೈರ್ ಚುಚ್ಚೋ ಜಾಗ) ಎಣಿಸ್ರಿ: ಕಿಕ್ ಒಂದು, ಸ್ನೇರ್ (ಕಡ್ಡಿಯಿಂದ ಬಾರಿಸೋ ಸಣ್ಣ ಡ್ರಮ್) ಒಂದು, ಡ್ರಮ್ಮಿನ ಮ್ಯಾಲಿಂದ ಎರಡು, ಬಾಸ್ ಒಂದು, ಗಿಟಾರ್ ಒಂದು, ತಬಲಾ ಎರಡು, ಹಾಡು ಎರಡು. ಹತ್ತು ಆಯ್ತು. ಎಂಟು ಚಾನಲ್ ಮಿಕ್ಸರ್ ತಂದು ಡ್ರಮ್‌ಗೆ ಒಂದೇ ಮೈಕ್ ಇಟ್ರ ತಪ್ಪು ಬ್ಯಾಂಡಿಂದಾ?

ಕುಂಯ್ ಅನ್ನೋ ಫೀಡ್‌ಬ್ಯಾಕಿಗೆ (ಸ್ಪೀಕರಿನ ಸದ್ದು ತಿರುಗಿ ಮೈಕಿಗೆ ಹೋಗೋದು) ಹಾಡಾಕೀನ ಬೈದ್ರು. ಮಾನಿಟರ್ (ಹಾಡೋರಿಗೆ ತಮ್ಮ ಸದ್ದು ಕೇಳಸ್ಲಿಕ್ಕೆ ಇಡೋ ಸ್ಪೀಕರ್) ಇಟ್ಟಿದ್ದು ಆಕಿ ಬಾಜೂಕ್ಕ. ಕಾರ್ಡಿಯಾಯ್ಡ್ (ಮುಂದಿನ ಸದ್ದು ಹೆಚ್ಚು ಹಿಡಿಯೋ) ಮೈಕ್ ಇದ್ರ ಮಾನಿಟರ್ ಮೈಕಿನ ಬೆನ್ನಿಗೆ ಸೀದಾ ಇರಬೇಕು, ಅಲ್ಲಿ ಅದಕ್ಕ ಕಿವಿ ಇಲ್ಲ. ಹಾಡೋರಿಗೂ ಒಂದು ಮಾತು: ಮೈಕಿನ ಜಾಳಿಗಿ ಮುಷ್ಟಿಯೊಳಗ ಮುಚ್ಚಿ ಹಿಡೀಬ್ಯಾಡ್ರಿ, ಹಿಂಗ ಹಿಡಿದ್ರ ಅದು ಎಲ್ಲಾ ಕಡಿ ಸದ್ದು ಎಳೀತದ. ಮಾನಿಟರ್ ಏರಿಸಿ, ಯಾವ ಜಾಗದಾಗ ಕುಂಯ್ ಅಂತದ ಅದಷ್ಟನ್ನ ಗ್ರಾಫಿಕ್ ಈಕ್ವಲೈಸರ್‌ದಾಗ 3ರಿಂದ 6 ಡೆಸಿಬಲ್ ಇಳಿಸ್ರಿ. ಜನರೇಟರ್ ಹಮ್ಮಿಂಗ್ ಬಂತಂದ್ರ ಪ್ಲಗ್ಗಿನ ಅರ್ಥ್ ಕಡ್ಡಿ ಮಾತ್ರ ಮುರೀಬ್ಯಾಡ್ರಿ, ಗಿಟಾರ್ ಹಿಡಿದ ಹುಡುಗನ ಜೀವಕ್ಕ ಬರ್ತದ. ಡಿಐ ಬಾಕ್ಸಿನ (ವಾದ್ಯದ ವೈರನ್ನ ಮಿಕ್ಸರ್‌ಗೆ ಕೂಡಿಸೋ ಡಬ್ಬಿ) ಗ್ರೌಂಡ್ ಲಿಫ್ಟ್ ಗುಂಡಿ ಒತ್ರಿ, ಸ್ಟೇಜಿನ ಆಂಪ್ಲಿಫೈಯರ್, ಮಿಕ್ಸರ್ ಎರಡಕ್ಕೂ ಒಂದೇ ಕಡೆಯಿಂದ ಕರೆಂಟ್ ಕೊಡ್ರಿ.

ಇದಕ್ಕೆಲ್ಲಾ ಮುಕ್ಕಾಲು ತಾಸು ಸೌಂಡ್‌ಚೆಕ್ ಬೇಕು. ನಿನ್ನಿ ಕೊಟ್ಟಿದ್ದು ಶೂನ್ಯ. ಸನ್ಮಾನದ ಶಾಲಿಗೆ ಒಂದು ತಾಸು ಹೋಯ್ತು.

ರಾಕ್ ಪರದೇಶದಿಂದ ಬಂದದ್ದು ಖರೇ ಅಲ್ಲೇನು ಅಂತ ಕೇಳ್ತೀರಿ. ಖರೇ. ಹಾರ್ಮೋನಿಯಂ ಎಲ್ಲಿಂದ ಬಂತು? ಯುರೋಪಿನಿಂದ. ಅದಿಲ್ಲದ ಭಜನಿ ನಮ್ಮ ಊರಾಗ ತೋರಸ್ರಿ. ಪಿಟೀಲೂ ಅಲ್ಲಿಂದೇ. ಈ ಮಾತಿಗೆ ಇದಕ್ಕಿಂತ ಹೆಚ್ಚು ಉತ್ತರ ಕೊಡಂಗಿಲ್ಲ.

ನಿನ್ನಿನ ಹುಡುಗರೇ, ಯಾರರೇ ಇದನ್ನ ಓದ್ಲಿಕ್ಕತ್ತಿದ್ರ, ಬಾರಿಸೋದು ಬಿಡಬ್ಯಾಡ್ರಿ. ನಮ್ಮ ಜಿಲ್ಲಾದಾಗೇ ಕಡಕೋಳ ಮಡಿವಾಳಪ್ಪನವರ ತತ್ವಪದ ಅವ, ಯಾವ ಬ್ಯಾಂಡೂ ಸರಿಯಾಗಿ ಮುಟ್ಟಿಲ್ಲದ ಗಂಟು ಅದು. ಒಂದು ಪದ ಹಿಡೀರಿ. ಏಕತಾರಿಯ ಶ್ರುತಿಗೆ ಬಾಸ್ ಕೂಡಿಸಿ ಒಂದೇ ಸ್ವರದ ಮ್ಯಾಲ ನಿಲ್ಲಸ್ರಿ, ಸ್ವರ ಬದಲಿ ಮಾಡೋ ಅವಸರ ಬ್ಯಾಡ. ಮೊದಲನೇ ನುಡಿ ಮುಗಿಯೋತನಕ ಡ್ರಮ್ಮಿನ ಕಡ್ಡಿ ಕೆಳಗಿರಲಿ, ದಮ್ಮಡಿ ತಾಳ ಸಾಕು. ಪಲ್ಲವಿ ಮರಳಿ ಬಂದಾಗ ಕಿಕ್ ಒಂದೇ ಬರಲಿ, ಗಿಟಾರ್ ಎರಡನೇ ನುಡಿಗೆ, ಡಿಸ್ಟಾರ್ಷನ್ ಕೊನೀ ನುಡಿಗೆ ಮಾತ್ರ. ಬ್ಯಾಸಗಿಯೊಳಗ ಬಾರಿಸೋದಿದ್ರ ವಾದ್ಯ ಅರ್ಧ ತಾಸು ಮೊದಲೇ ಸ್ಟೇಜಿಗೆ ಒಯ್ದಿಡ್ರಿ: ಒಣ ಬಿಸಿಗೆ ತಬಲಾದ ಚರ್ಮ ಬಿಗಿದು ಶ್ರುತಿ ಏರ್ತದ, ಗಿಟಾರಿನ ತಂತಿ ಸಡಲಾಗಿ ಇಳೀತದ. ಅದಕ್ಕ ಮೊದಲು ತಬಲಾ ಹೊಂದಿಸ್ಕೊಳ್ರಿ, ಆಮ್ಯಾಲ ಅದಕ್ಕ ಗಿಟಾರ್ ಕೂಡಿಸ್ರಿ, ಎರಡನೇ ಹಾಡಿನ ನಂತರ ಮತ್ತೊಮ್ಮೆ ನೋಡ್ರಿ.