ತ್ರಿಕೋನಮಿತಿಯ ಸೂತ್ರಗಳೆಲ್ಲ ಬಾಯಿಪಾಠ ಬರಬೇಕೇ? ಪರ–ವಿರೋಧ

ಪರ: ಪಟ್ಟಿಯಲ್ಲಿರುವುದೆಲ್ಲ ಬಾಯಿಗೆ ಬರಲಿ

ಬಾಯಿಪಾಠ ಎಂದರೆ ಮೂಗು ಮುರಿಯುವವರೇ ಹೆಚ್ಚು. ಅರ್ಥವಾದರೆ ಸಾಕು, ಸೂತ್ರ ತಾನಾಗಿ ಹೊಳೆಯುತ್ತದೆ ಎನ್ನುತ್ತಾರೆ. ಪರೀಕ್ಷೆಯ ಕೋಣೆಯಲ್ಲಿ ಗಡಿಯಾರ ಓಡುತ್ತಿರುವಾಗ ಅಷ್ಟು ಸುಲಭವಾಗಿ ಯಾವುದೂ ಹೊಳೆಯುವುದಿಲ್ಲ. ಏಳೆಂಟ್ಲ ಐವತ್ತಾರು ಎಂದು ಥಟ್ಟನೆ ಬಾಯಿಗೆ ಬಂದರೆ ಮಾತ್ರ ದೊಡ್ಡ ಭಾಗಾಕಾರ ಸಲೀಸಾಗಿ ಸಾಗುತ್ತದೆ. ತ್ರಿಕೋನಮಿತಿಯಲ್ಲಿ ಮಗ್ಗಿಯ ಆ ಜಾಗ ನಿತ್ಯಸಮೀಕರಣಗಳದ್ದು, ಅಂದರೆ ಎರಡೂ ಬದಿಗೆ ಅರ್ಥವಿರುವ ಯಾವ ಕೋನ ಹಾಕಿದರೂ ನಿಜವಾಗುವ ಸೂತ್ರಗಳದ್ದು.

ಒಂದು ಲೆಕ್ಕ ನೋಡಿ. ಸೆಕ್ ಥೀಟಾ + ಟ್ಯಾನ್ ಥೀಟಾ = 3 ಎಂದು ಕೊಟ್ಟು, ಸೆಕ್ ಥೀಟಾ − ಟ್ಯಾನ್ ಥೀಟಾ ಎಷ್ಟು ಎಂದು ಕೇಳಿದ್ದಾರೆ. ಸೆಕ್²ಥೀಟಾ − ಟ್ಯಾನ್²ಥೀಟಾ = 1 ಎಂಬುದು ನಾಲಿಗೆ ತುದಿಯಲ್ಲಿದ್ದರೆ, ಇದು ಎರಡು ವರ್ಗಗಳ ವ್ಯತ್ಯಾಸ ಎಂದು ತಕ್ಷಣ ಕಣ್ಣಿಗೆ ಬೀಳುತ್ತದೆ. ಕೊಟ್ಟದ್ದನ್ನೂ ಕೇಳಿದ್ದನ್ನೂ ಗುಣಿಸಿದರೆ 1 ಬರಬೇಕು, ಉತ್ತರ 1/3. ಒಂದೇ ಸಾಲು. ಆ ಸೂತ್ರ ನೆನಪಿಲ್ಲದವರು ಎಲ್ಲವನ್ನೂ ಸೈನ್ ಮತ್ತು ಕಾಸ್‌ಗೆ ಇಳಿಸಿ, ಎರಡೂ ಬದಿ ವರ್ಗ ಮಾಡಿ, ಸೈನ್ ಥೀಟಾ 4/5, ಕಾಸ್ ಥೀಟಾ 3/5 ಎಂದು ಹುಡುಕಿ, ಕೊನೆಗೆ ಅದೇ 1/3ಕ್ಕೆ ಬರುತ್ತಾರೆ. ಅರ್ಧ ಪುಟ ತುಂಬಿರುತ್ತದೆ, ನಡುವೆ ಎಲ್ಲಾದರೂ ಚಿಹ್ನೆ ತಪ್ಪಿದ್ದರೆ ಅಂಕವೂ ಹೋಗಿರುತ್ತದೆ.

ಮೇಲಿನ ತರಗತಿಗೆ ಹೋದಂತೆ ಇದು ಇನ್ನೂ ಮುಖ್ಯವಾಗುತ್ತದೆ. ಕಾಸ್ 2ಎ ಎಂಬುದಕ್ಕೆ ಮೂರು ರೂಪಗಳಿವೆ: ಕಾಸ್²ಎ − ಸೈನ್²ಎ, 2ಕಾಸ್²ಎ − 1, 1 − 2ಸೈನ್²ಎ. ಲೆಕ್ಕದಲ್ಲಿ 1 − ಕಾಸ್ 2ಎ ಎಂದು ಬಂದರೆ ಮೂರನೆಯದನ್ನೇ ಹಾಕಬೇಕು, ಆಗ 1 ಹೊಡೆದುಹೋಗಿ 2ಸೈನ್²ಎ ಉಳಿಯುತ್ತದೆ. ಮೂರೂ ಒಟ್ಟಿಗೆ ಮನಸ್ಸಿನಲ್ಲಿದ್ದರೆ ತಾನೇ ಒಂದನ್ನು ಆರಿಸಿಕೊಳ್ಳಲು ಸಾಧ್ಯ? ಹೀಗೊಂದು ಸೂತ್ರ ಇದೆ ಎಂಬ ನೆನಪೇ ಇಲ್ಲದವರಿಗೆ ಅದನ್ನು ಸಾಧಿಸಿಕೊಳ್ಳಬೇಕು ಎಂಬ ಯೋಚನೆಯಾದರೂ ಎಲ್ಲಿಂದ ಬಂದೀತು?

ಪ್ರಶ್ನೆಪತ್ರಿಕೆಯ ಜೊತೆಗೆ ಸೂತ್ರಗಳ ಹಾಳೆ ಕೊಡುವ ಪರೀಕ್ಷೆಗಳೂ ಇವೆ. ಹಾಳೆ ಕೈಯಲ್ಲಿದ್ದರೂ ಯಾವ ಸಾಲನ್ನು ನೋಡಬೇಕು ಎಂಬುದು ತಲೆಯಲ್ಲಿರಬೇಕು.

ವಿರೋಧ: ನಾಲ್ಕು ಸಾಕು, ಉಳಿದದ್ದು ಕೈಯಲ್ಲಿರಲಿ

ಪರೀಕ್ಷೆ ಮೊದಲ ಹಂತದ್ದಾಗಿದ್ದು, ವರ್ಗಗಳ ಮೂರು ನಿತ್ಯಸಮೀಕರಣಗಳನ್ನಷ್ಟೇ ಕೇಳುವುದಾದರೆ ಈ ಜಗಳವೇ ಬೇಡ. ಮೂರು ಯಾರಿಗಾದರೂ ನೆನಪಿರುತ್ತವೆ. ತೊಂದರೆ ಶುರುವಾಗುವುದು ಕೂಡುಕೋನ, ಇಮ್ಮಡಿ ಕೋನ, ಅರ್ಧ ಕೋನ, ಗುಣಲಬ್ಧದಿಂದ ಮೊತ್ತ, ಮೊತ್ತದಿಂದ ಗುಣಲಬ್ಧ ಎಂದು ಪಟ್ಟಿ ಬೆಳೆದಾಗ. ಅಷ್ಟನ್ನೂ ಉರುಹೊಡೆದ ವಿದ್ಯಾರ್ಥಿಗೆ ಪರೀಕ್ಷೆಯ ದಿನ ಸೂತ್ರ ಮರೆತುಹೋಗುವುದಿಲ್ಲ, ಕಲಸಿಹೋಗುತ್ತದೆ. ಅದು ಮರೆವಿಗಿಂತ ಅಪಾಯ, ಏಕೆಂದರೆ ತಪ್ಪು ಸೂತ್ರವನ್ನೂ ಅಷ್ಟೇ ಧೈರ್ಯದಿಂದ ಬರೆಯುತ್ತಾರೆ.

ಹೆಚ್ಚು ಎಡವುವುದು ಕಾಸ್(ಎ + ಬಿ) ಹತ್ತಿರ. ಕಾಸ್ ಎ ಕಾಸ್ ಬಿ ಆದ ಮೇಲೆ ಸೈನ್ ಎ ಸೈನ್ ಬಿ ಅನ್ನು ಕೂಡುವುದೋ ಕಳೆಯುವುದೋ? ನೆನಪನ್ನು ಕೆದಕುತ್ತ ಕೂರಬೇಕಿಲ್ಲ. ಎ, ಬಿ ಎರಡನ್ನೂ 45 ಡಿಗ್ರಿ ಎಂದುಕೊಳ್ಳಿ. ಎಡಗಡೆ ಕಾಸ್ 90, ಅಂದರೆ ಸೊನ್ನೆ. ಬಲಗಡೆ ಎರಡೂ ಪದಗಳು ತಲಾ 1/2. ಕೂಡಿದರೆ 1 ಬರುತ್ತದೆ, ಕಳೆದರೆ ಸೊನ್ನೆ. ಹಾಗಾದರೆ ಕಳೆಯುವುದೇ ಸರಿ. ಸೈನ್(ಎ + ಬಿ) ಎಂದರೆ ಸೈನ್ ಎ + ಸೈನ್ ಬಿ ಎಂದು ಬರೆದುಬಿಡುವವರಿಗೂ 30 ಮತ್ತು 60 ಡಿಗ್ರಿ ಹಾಕಿ ನೋಡುವ ಅಭ್ಯಾಸ ಇದ್ದರೆ ಸಾಕು: ಮೊತ್ತ 1.366 ಆಗುತ್ತದೆ, ಸೈನ್ ಬೆಲೆ 1ನ್ನು ದಾಟುವುದೇ ಇಲ್ಲ. ಈ ಅಭ್ಯಾಸವನ್ನು ಯಾವ ಬಾಯಿಪಾಠವೂ ಕಲಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಕಲಿಸಲೇಬೇಕಾದದ್ದು ಇದೇ.

ಹಾಗಾದರೆ ನೆನಪಿನಲ್ಲಿ ಏನಿರಬೇಕು? ಟ್ಯಾನ್, ಸೆಕ್ ಮುಂತಾದವುಗಳ ವ್ಯಾಖ್ಯೆ ಹೇಗೂ ಗೊತ್ತಿರುತ್ತದೆ. ಅದರ ಮೇಲೆ ಸೈನ್²ಎ + ಕಾಸ್²ಎ = 1, ಸೈನ್(ಎ + ಬಿ), ಕಾಸ್(ಎ + ಬಿ), ಜೊತೆಗೆ ಕೋನ ಋಣವಾದಾಗ ಸೈನ್‌ನ ಚಿಹ್ನೆ ಬದಲಾಗುತ್ತದೆ, ಕಾಸ್‌ನದು ಬದಲಾಗುವುದಿಲ್ಲ ಎಂಬುದು. ಮೊದಲನೆಯದನ್ನು ಕಾಸ್²ಎ ಇಂದ ಭಾಗಿಸಿದರೆ ಟ್ಯಾನ್²ಎ + 1 = ಸೆಕ್²ಎ. ಭಾಗಿಸಿದ ಕೈಗೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ: ಕಾಸ್ ಸೊನ್ನೆಯಾಗುವ 90 ಡಿಗ್ರಿಯಲ್ಲಿ ಈ ಸೂತ್ರಕ್ಕೆ ಅರ್ಥವಿಲ್ಲ. ಬರೀ ಉರುಹೊಡೆದವರ ಸೂತ್ರಕ್ಕೆ ಈ ಎಚ್ಚರಿಕೆ ಅಂಟಿಕೊಂಡಿರುವುದಿಲ್ಲ. ಎದುರು ಪಕ್ಷದವರು ತೋರಿಸಿದ ಸೆಕ್–ಟ್ಯಾನ್ ಲೆಕ್ಕ ಚೆನ್ನಾಗಿದೆ, ಆದರೆ ಅಲ್ಲಿ ಕೆಲಸ ಮಾಡಿದ್ದು ಪದವನ್ನು ಆಚೆಗೆ ಸಾಗಿಸಿ ವರ್ಗಗಳ ವ್ಯತ್ಯಾಸವಾಗಿ ನೋಡುವ ಅಭ್ಯಾಸ. ಸೂತ್ರವನ್ನು ಸ್ವತಃ ಸಾಧಿಸಿದವರಿಗೂ ಆ ಅಭ್ಯಾಸ ಇದ್ದೇ ಇರುತ್ತದೆ.

ಗುಣಲಬ್ಧವನ್ನು ಮೊತ್ತವಾಗಿಸುವ ಸೂತ್ರಗಳಿಗೆ ಒಂದು ಕಾಲದಲ್ಲಿ ದೊಡ್ಡ ಬೆಲೆ ಇತ್ತು. 16ನೇ ಶತಮಾನದ ಕೊನೆಯಲ್ಲಿ ಖಗೋಳಶಾಸ್ತ್ರಜ್ಞರು ಉದ್ದುದ್ದದ ಸಂಖ್ಯೆಗಳನ್ನು ಗುಣಿಸುವ ಶ್ರಮ ತಪ್ಪಿಸಿಕೊಳ್ಳಲು, ಅವನ್ನು ಸೈನ್ ಅಥವಾ ಕಾಸ್ ಬೆಲೆಗಳೆಂದುಕೊಂಡು ಕೋಷ್ಟಕದಲ್ಲಿ ಕೋನ ಹುಡುಕಿ, ಬರೀ ಕೂಡಿ ಕಳೆದು ಉತ್ತರ ತೆಗೆಯುತ್ತಿದ್ದರು. 1614ರಲ್ಲಿ ಗಣಿತಜ್ಞ ನೇಪಿಯರ್ ಗುಣಾಕಾರವನ್ನು ನೇರವಾಗಿ ಕೂಡುವ ಲೆಕ್ಕವಾಗಿಸುವ ಲಾಗರಿದಮ್ ಪ್ರಕಟಿಸಿದ ಮೇಲೆ ಆ ಕೆಲಸವನ್ನು ಲಾಗರಿದಮ್ ವಹಿಸಿಕೊಂಡಿತು. ಇಂದಿನ ವಿದ್ಯಾರ್ಥಿಗೆ ಅವು ಹೆಚ್ಚಾಗಿ ಬೇಕಾಗುವುದು ಅನುಕಲನದಲ್ಲಿ. ಬೇಕಾದಾಗ ಸೈನ್(ಎ + ಬಿ) ಮತ್ತು ಸೈನ್(ಎ − ಬಿ) ಎರಡನ್ನೂ ಒಂದರ ಕೆಳಗೊಂದು ಬರೆದು ಕೂಡಿದರೆ 2 ಸೈನ್ ಎ ಕಾಸ್ ಬಿ ಅಲ್ಲೇ ಸಿಗುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಕೇಳುವವರು, ಪರೀಕ್ಷೆಗೆ ಮೊದಲೇ ಹತ್ತಾರು ಸಲ ಹೀಗೆ ಬರೆದು ನೋಡಿದವರಿಗೆ ಎಷ್ಟು ಸಮಯ ಬೇಕು ಎಂದು ಯೋಚಿಸಬೇಕು. ಬಿ ಜಾಗದಲ್ಲಿ ಎ ಹಾಕಿದರೆ ಇಮ್ಮಡಿ ಕೋನದ ಸೂತ್ರ. ಮುಮ್ಮಡಿ ಕೋನದ್ದು ಬೇಕೆಂದರೆ ಕಾಸ್ 3ಎ ಅನ್ನು ಕಾಸ್(2ಎ + ಎ) ಎಂದು ಬಿಡಿಸಿ, ಸೈನ್² ಬಂದಲ್ಲೆಲ್ಲ 1 − ಕಾಸ್² ಹಾಕುತ್ತ ಹೋಗಿ. ನಾಲ್ಕನೇ ಸಾಲಿಗೆ 4ಕಾಸ್³ಎ − 3ಕಾಸ್ ಎ ಬಂದಿರುತ್ತದೆ.