ಎಲೆ ಹಾಕಿದೆ, ಊಟ ಬಂದಿಲ್ಲ

ಕಿರುಚಿತ್ರದ ಪೋಸ್ಟರ್ ಕೈಗೆ ಸಿಕ್ಕರೆ ಮೊದಲು ಎಲೆ ಎಣಿಸಿ. ಎರಡು ಕೊಂಬೆ ಎದುರುಬದುರು ಬಾಗಿ, ನಡುವೆ ‘ಅತ್ಯುತ್ತಮ’ ಎಂದು ಬರೆದಿರುತ್ತದಲ್ಲ, ಅದೇ. ಚಿತ್ರೋತ್ಸವಗಳು ಕೊಡುವ ಗುರುತು, ಲಾರೆಲ್ ಅನ್ನುತ್ತಾರೆ. ನಿರ್ದೇಶಕನಿಗೆ ಇಪ್ಪತ್ತೆರಡು ವರ್ಷ, ಪೋಸ್ಟರಿನಲ್ಲಿ ಇಪ್ಪತ್ತಾರು ಎಲೆ, ಸಿನಿಮಾ ಏಳು ನಿಮಿಷ. ನಾಯಕಿ ಎಲ್ಲಿ ಅಂದರೆ ಎಲೆಗಳ ಹಿಂದೆ ಇದ್ದಾಳೆ, ಒಂದು ಕಿವಿ ಕಾಣುತ್ತಿದೆ.

ಈ ಎಲೆ ಬೆಳೆಯುವ ವಿಧಾನ ಸುಲಭ. ಫಿಲ್ಮ್‌ಫ್ರೀವೇಯಂಥ ತಾಣದಲ್ಲಿ ಸಿನಿಮಾ ಏರಿಸಬೇಕು, ಉತ್ಸವ ಆರಿಸಬೇಕು, ಡಾಲರಿನಲ್ಲಿ ಶುಲ್ಕ ಕಟ್ಟಬೇಕು. ಅಲ್ಲಿ ಅಸಲಿ ಉತ್ಸವಗಳೂ ಇವೆ, ಒಂದು ಲ್ಯಾಪ್‌ಟಾಪು ಮತ್ತು ಒಂದು ಇಮೇಲ್ ಖಾತೆಯೊಳಗೇ ಮುಗಿದುಹೋಗುವ ಉತ್ಸವಗಳೂ ಇವೆ. ಈ ಎರಡನೇ ಜಾತಿಗೆ ಟಾಕೀಸು ಬೇಡ, ಪ್ರೇಕ್ಷಕರು ಬೇಡ, ಕುರ್ಚಿ ಒರೆಸುವವನೂ ಬೇಡ. ತಿಂಗಳಿಗೊಮ್ಮೆ ತಪ್ಪದೆ ನಡೆಯುತ್ತವೆ, ಸಂಬಳದ ಹಾಗೆ. ಅತ್ಯುತ್ತಮ ಚಿತ್ರ, ಅತ್ಯುತ್ತಮ ಮೊದಲ ಚಿತ್ರ, ಅತ್ಯುತ್ತಮ ಮೊಬೈಲ್ ಚಿತ್ರ, ಅತ್ಯುತ್ತಮ ಪೋಸ್ಟರ್ – ಒಂದೊಂದು ವಿಭಾಗಕ್ಕೂ ಬೇರೆ ದುಡ್ಡು. ಗೆಲ್ಲದವರಿಗೆ ‘ಸೆಮಿಫೈನಲಿಸ್ಟ್’ ಎಲೆ. ಅದೂ ಇಲ್ಲದವರಿಗೆ ‘ಅಧಿಕೃತ ಆಯ್ಕೆ’ ಎಲೆ. ಬರಿಗೈಲಿ ಯಾರನ್ನೂ ಕಳಿಸುವುದಿಲ್ಲ. ಅರಿಶಿನ ಕುಂಕುಮಕ್ಕೆ ಕರೆದಷ್ಟೇ ಉದಾರ. ಪ್ರಮಾಣಪತ್ರದ ಪಿಡಿಎಫ್ ಉಚಿತ. ಟ್ರೋಫಿ ಬೇಕಿದ್ದರೆ ಗೆದ್ದವರೇ ಕೊಂಡುಕೊಳ್ಳಬೇಕು, ಕೊರಿಯರ್ ಖರ್ಚು ಪ್ರತ್ಯೇಕ.

ಒಂದು ಸಂಗತಿ ಮಾತ್ರ ಹತ್ತಿರದಿಂದ ನೋಡಬೇಕು. ತೀರ್ಪುಗಾರರಿಗೆ ಕಳಿಸಿದ್ದು ವಿಮಿಯೋ ಎಂಬ ವಿಡಿಯೋ ತಾಣದ ಪಾಸ್‌ವರ್ಡ್ ಹಾಕಿದ ಲಿಂಕು ಅಂತಿಟ್ಟುಕೊಳ್ಳಿ. ಅದರ ಅಂಕಿಅಂಶದ ಪುಟದಲ್ಲಿ ಎಷ್ಟು ಸಲ ಪ್ಲೇ ಆಗಿದೆ ಎಂದು ಕಾಣುತ್ತದೆ. ಪ್ರಶಸ್ತಿ ಬಂದ ದಿನ ತೆರೆದರೆ ಅಲ್ಲಿ ದೊಡ್ಡದಾಗಿ 0. ಇಮೇಲಿನಲ್ಲಿ ಮಾತ್ರ ‘ನಿಮ್ಮ ಚಿತ್ರ ನಮ್ಮ ತೀರ್ಪುಗಾರರ ಮನ ಕಲಕಿತು’ ಎಂದಿರುತ್ತದೆ. ನೋಡದೇನೇ ಕಲಕುವ ಸಿನಿಮಾ ತೆಗೆಯುವುದು ಸಾಮಾನ್ಯದ ಪ್ರತಿಭೆಯಲ್ಲ, ಎಲೆ ಕೊಟ್ಟಿದ್ದು ನ್ಯಾಯವೇ ಅನ್ನಿ.

ಹತ್ತು ಕಡೆ ತಲಾ 25 ಡಾಲರ್ ಕಟ್ಟಿದರೆ 20 ಸಾವಿರ ರೂಪಾಯಿ ದಾಟಿತು. ಆ ದುಡ್ಡಿಗೆ ಸೌಂಡ್ ರೆಕಾರ್ಡಿಸ್ಟ್ ಒಬ್ಬರನ್ನು ಕರೆದಿದ್ದರೆ ಆ ಏಳು ನಿಮಿಷದಲ್ಲಿ ಫ್ಯಾನಿನ ಗುಂಯ್ ಬದಲು ಸಂಭಾಷಣೆ ಕೇಳಿಸುತ್ತಿತ್ತು. ಇನ್ನೂ ಒಂದು ನಷ್ಟವಿದೆ. ದೊಡ್ಡ ಉತ್ಸವಗಳಲ್ಲಿ ಹಲವು ‘ಬೇರೆಲ್ಲೂ ತೋರಿಸಿರಬಾರದು’ ಅನ್ನುತ್ತವೆ. ಎಲೆಯ ಆಸೆಗೆ ಸಿನಿಮಾವನ್ನು ಯಾವುದೋ ಆನ್‌ಲೈನ್ ಪ್ರದರ್ಶನಕ್ಕೆ ಬಿಟ್ಟರೆ ಆ ಬಾಗಿಲು ಅಲ್ಲಿಗೇ ಮುಚ್ಚಿತು. ಶುಲ್ಕ ಕಟ್ಟುವ ಮುಂಚೆ ಹೋದ ವರ್ಷದ ವೇಳಾಪಟ್ಟಿ ಹುಡುಕಿ: ಯಾವ ಊರು, ಯಾವ ಚಿತ್ರಮಂದಿರ, ಎಷ್ಟು ಗಂಟೆಗೆ ಯಾವ ಸಿನಿಮಾ, ತೀರ್ಪುಗಾರರ ಹೆಸರೇನು. ಪಟ್ಟಿ ಸಿಗದೆ ಬರೀ ಐಫೆಲ್ ಗೋಪುರದ ಚಿತ್ರ ಸಿಕ್ಕರೆ ಕಾರ್ಡ್ ಜೇಬಿಗೆ ಹಾಕಿಕೊಳ್ಳಿ.

2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐನಿಂದ ಹೋದ ಮೈಸೂರಿನ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರಕ್ಕೆ ಬಂತು. ಕೋಳಿ ಕದ್ದ ಅಜ್ಜಿಯ ಜನಪದ ಕಥೆ. ಅಷ್ಟಾದ ಮೇಲೆ ‘ಕಾನ್’ ಅನ್ನುವ ಪದವನ್ನು ಹೆಸರಿನಲ್ಲೆಲ್ಲೋ ಸಿಕ್ಕಿಸಿಕೊಂಡ ಉತ್ಸವದಿಂದ ಎಲೆ ತಂದವರೂ ಊರಲ್ಲಿ ಬ್ಯಾನರ್ ಕಟ್ಟಿಸಬಹುದು. ಶಾಸಕರಿಗೆ ಎರಡೂ ಒಂದೇ ಕಾನ್, ಒಂದೇ ಶಾಲು.

ಇನ್ನು ಶೋರೀಲ್, ಅಂದರೆ ಕೆಲಸ ಕೇಳಲು ತಮ್ಮ ಶಾಟುಗಳನ್ನು ಜೋಡಿಸಿದ ವಿಡಿಯೋ. ಒಂದರಿಂದ ಒಂದೂವರೆ ನಿಮಿಷ ಇದ್ದರೆ ಸಾಕು, ಅತ್ಯುತ್ತಮ ಶಾಟ್ ಮೊದಲು ಬರಬೇಕು. ಹತ್ತು ಸೆಕೆಂಡಿನಲ್ಲಿ ನೋಡುವವರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಆ ಹತ್ತರಲ್ಲಿ ಎಂಟನ್ನು ಕಿಡಿ ಹಾರುವ ಲೋಗೋ ತಿನ್ನುತ್ತದೆ. ಆಮೇಲೆ ಡ್ರೋನ್. 250 ಗ್ರಾಂ ಒಳಗಿನದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ ಎಂದು 2021ರ ನಿಯಮ ಹೇಳಿದ್ದೇ ತಡ, ಕರ್ನಾಟಕದ ಪ್ರತಿ ತೆಂಗಿನ ತೋಟವನ್ನೂ ಮೇಲಿಂದ ನೋಡಿಯಾಯಿತು. ಆಮೇಲೆ ಸ್ಲೋ ಮೋಷನ್, ಟ್ಯೂಬ್‌ಲೈಟ್ ಕೆಳಗೆ, ಸೆಕೆಂಡಿಗೆ 120 ಫ್ರೇಮಿನಲ್ಲಿ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. 120 ಫ್ರೇಮು, 1/240 ಸೆಕೆಂಡಿನ ಶಟರಿಗೆ ಅದು ಹೊಂದುವುದಿಲ್ಲ. ನಾಯಕಿ ತಿರುಗಿ ನೋಡುವಾಗ ಹಿಂದಿನ ಗೋಡೆ ಉಸಿರಾಡುತ್ತದೆ. 100 ಫ್ರೇಮು, 1/100 ಶಟರ್ ಇಟ್ಟಿದ್ದರೆ ಗೋಡೆ ಸುಮ್ಮನಿರುತ್ತಿತ್ತು, ಸೆಕೆಂಡಿಗೆ 25 ಫ್ರೇಮಿನ ಟೈಮ್‌ಲೈನಿನಲ್ಲಿ ನಾಲ್ಕು ಪಟ್ಟು ನಿಧಾನವೂ ಸಿಗುತ್ತಿತ್ತು. ಆದರೆ ಕ್ಯಾಮೆರಾದಲ್ಲಿ 120 ಇರುವಾಗ 100ಕ್ಕೆ ಇಳಿಯುವುದು ಮರ್ಯಾದೆಯ ಪ್ರಶ್ನೆ.

ಕಿಟಕಿ ಬೆಳಕಿನಲ್ಲಿ ಅಜ್ಜಿಯೊಬ್ಬರು ಸೆರಗಿನಿಂದ ಕನ್ನಡಕ ಒರೆಸುವ ಶಾಟ್ ಒಂದಿದೆ ಎನ್ನಿ. ಚೆನ್ನಾಗಿದೆ. ನಿರ್ದೇಶಕನ ರೀಲಿನಲ್ಲಿದೆ, ಛಾಯಾಗ್ರಾಹಕಿಯ ರೀಲಿನಲ್ಲಿದೆ, ಬಣ್ಣ ತಿದ್ದುವ ಕಲರಿಸ್ಟ್, ಕಲಾ ನಿರ್ದೇಶಕ, ಫೋಕಸ್ ಹೊಂದಿಸುವ ಫೋಕಸ್ ಪುಲ್ಲರ್ ಎಲ್ಲರ ರೀಲಿನಲ್ಲೂ ಇದೆ. ಐವರೂ ಒಂದೇ ಸಿನಿಮಾಕ್ಕೆ ಅರ್ಜಿ ಹಾಕಿದರೆ ನಿರ್ಮಾಪಕರು ಒಂದೇ ಬೆಳಿಗ್ಗೆ ಆ ಅಜ್ಜಿಯನ್ನು ಐದು ಸಲ ನೋಡಿ, ಕೊನೆಗೆ ಅಜ್ಜಿಯ ನಂಬರ್ ಕೇಳುತ್ತಾರೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಕಲರ್ ಮಾತ್ರ ನನ್ನದು’ ಎಂದು ಹಾಕಿದರೆ ಮುಗಿಯಿತು. ಹಾಕುವುದಿಲ್ಲ. ಯಾಕೆಂದರೆ ಹಾಗೆ ಹಾಕಿದರೆ ಉಳಿದ ಇಪ್ಪತ್ತು ಶಾಟಿಗೂ ಹಾಕಬೇಕಾಗುತ್ತದೆ.

ಇಷ್ಟೆಲ್ಲ ಆಗಿ ಲಿಂಕ್ ಕಳಿಸಿದರೆ ಅದು ಗೂಗಲ್ ಡ್ರೈವಿನಲ್ಲಿರುತ್ತದೆ, ತೆರೆದರೆ ಅನುಮತಿ ಕೇಳುತ್ತದೆ. ನಿರ್ಮಾಪಕರು ಅನುಮತಿ ಕೇಳುವ ಕುಲದವರಲ್ಲ. ಬದಲಿಗೆ ವಾಟ್ಸಾಪಿಗೇ ವಿಡಿಯೋ ಹಾಕಿದರೆ ಮೂರು ವಾರ ಕೂತು ಮಾಡಿದ ಕಲರ್ ರವೆ ಉಪ್ಪಿಟ್ಟಾಗಿ ತಲುಪುತ್ತದೆ.

ಇವರೆಲ್ಲರ ಮನೆ ಬಾಡಿಗೆ ಕಟ್ಟುತ್ತಿರುವುದು ಮದುವೆ ಶೂಟಿಂಗ್. ಅದು ಪೋರ್ಟ್‌ಫೋಲಿಯೊದಲ್ಲಿ ಎಲ್ಲೂ ಇರುವುದಿಲ್ಲ, ಮರ್ಯಾದೆ ಹೋಗುತ್ತದಂತೆ. ಹಳದಿ ಹ್ಯಾಲೋಜನ್ನು, ಹೊಗೆ, ಲೆನ್ಸಿಗೆ ಅಡ್ಡ ನಿಂತ ಸೋದರಮಾವ, ಮಾಂಗಲ್ಯಧಾರಣೆಗೆ ರೀಟೇಕ್ ಇಲ್ಲ – ಅಷ್ಟರ ನಡುವೆ ಫೋಕಸ್ ತಪ್ಪದೆ ಹಿಡಿದ ವಧುವಿನ ಅಪ್ಪನ ಮುಖ ಹಾರ್ಡ್‌ಡಿಸ್ಕಿನಲ್ಲಿ ಅಡಗಿ ಕೂತಿದೆ.

ಗಾಂಧಿನಗರದ ಆಫೀಸಿನಲ್ಲಿ ಪ್ರೊಡಕ್ಷನ್ ಮ್ಯಾನೇಜರು ಫೋನನ್ನು ಉದ್ದಕ್ಕೇ ಹಿಡಿದು, ಸೌಂಡ್ ಆಫ್ ಮಾಡಿ, ಲೋಗೋ ಮುಗಿಯುವವರೆಗೆ ರೀಲ್ ನೋಡುತ್ತಾರೆ. ಪೋಸ್ಟರಿನ ಎಲೆಗಳ ಮೇಲೆ ಬೆರಳಾಡಿಸುತ್ತಾರೆ.

‘ಭಾಳ ಪ್ರಶಸ್ತಿ ಬಂದಾವಲ್ಲೋ ತಮ್ಮಾ. ಮದುವೆ ಮಾಡ್ತೀಯಾ?’

‘ಸರ್, ನಾನಿನ್ನೂ...’

‘ನಿಂದಲ್ಲಪ್ಪ, ನಮ್ಮ ತಂಗಿ ಮಗಳದು. ಶೂಟಿಂಗ್ ಮಾಡ್ಕೊಡು. ದುಡ್ಡು ಆಮೇಲೆ ನೋಡೋಣ. ಎರಡು ಹೊತ್ತು ಬಾಳೆ ಎಲೆ ಊಟ ನಮ್ದೇ.’