ಹಿಡಿಯಿಲ್ಲದ ಬಟ್ಟಲು

ಹಿಡಿಯಿಲ್ಲದ ಬಟ್ಟಲಲ್ಲಿ ಚಹಾ ಕುಡಿಯಬೇಕಾದರೆ ಎರಡೂ ಕೈ ಬೇಕು. ಹೇಳಿಕೊಳ್ಳುವಂಥ ಸಂಗತಿಯೇನಲ್ಲ. ಆದರೆ ಹೊರಗೆ ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿ ಕೂತಿರುವಾಗ, ಆಗಷ್ಟೇ ಕೈಗವಸು ಕಳಚಿದ ಹತ್ತು ಬೆರಳುಗಳ ನಡುವೆ ಹಬೆಯಾಡುವ ಬಟ್ಟಲೊಂದು ಬಂದರೆ, ಲೋಕದಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿರುವುದಿಲ್ಲ. ಚಹಾ ಹೊಟ್ಟೆಗೆ ಹೋಗುವುದು ಆಮೇಲೆ. ಮೊದಲು ಅಂಗೈಗೆ.

ಊರಿನ ಹೆಸರು ತೇಜೆ. ಫ್ರಾನ್ಸಿನ ದಕ್ಷಿಣ ಬರ್ಗಂಡಿಯಲ್ಲಿ, ಕ್ಲೂನಿ ಪಟ್ಟಣದಿಂದ ಹತ್ತು ಕಿಲೋಮೀಟರ್ ಆಚೆ, ಗುಡ್ಡದ ಮೇಲಿನ ಪುಟ್ಟ ಹಳ್ಳಿ. 1940ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಸ್ವಿಟ್ಜರ್ಲೆಂಡಿನ 25 ವರ್ಷದ ತರುಣ ರೋಜೆ ಇಲ್ಲಿಗೆ ಬಂದು ಮನೆ ಕೊಂಡರು. ಜೀವ ಉಳಿಸಿಕೊಳ್ಳಲು ಓಡಿಬಂದವರನ್ನು, ಅವರಲ್ಲಿ ಯಹೂದಿಗಳನ್ನೂ, ಆ ಮನೆಯಲ್ಲಿ ಬಚ್ಚಿಟ್ಟರು. ಆಮೇಲೆ ಅದು ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಕೂಡಿ ಬಾಳುವ ಬ್ರದರುಗಳ ಮಠವಾಯಿತು. ಅವರು ದೇಣಿಗೆ ಮುಟ್ಟುವುದಿಲ್ಲ. ಮಣ್ಣಿನ ಪಾತ್ರೆ ಪಡಗ ಮಾಡಿ, ಮಾರಿ, ಅದರಲ್ಲೇ ಜೀವನ. ಬೇಸಿಗೆಯಲ್ಲಿ ಯುರೋಪಿನ ಹುಡುಗ ಹುಡುಗಿಯರು ವಾರಕ್ಕೆ ಸಾವಿರಗಟ್ಟಲೆ ಬಂದು ಡೇರೆ ಹಾಕುತ್ತಾರೆ. ಅವರಿಗೆ ಬಡಿಸಲು, ಬಾಗಿಲಲ್ಲಿ ಎದುರುಗೊಳ್ಳಲು, ಶೌಚಾಲಯ ತೊಳೆಯಲು ತಿಂಗಳುಗಟ್ಟಲೆ ಉಳಿಯುವ ಸ್ವಯಂಸೇವಕರು ಬೇಕು. ಅಂಥವರಲ್ಲೊಬ್ಬನಾಗಿ ನಾನೂ ಹೋದೆ. ತಪ್ಪಾದದ್ದು ಒಂದೇ: ನಾನು ಹೋದದ್ದು ಚಳಿಗಾಲಕ್ಕೆ.

ಸೇವೆ ಮಾಡುತ್ತೇನೆಂದು ಹೊರಟವನ ಮನಸ್ಸಿನಲ್ಲಿ ಒಂದು ಚಿತ್ರ ಇರುತ್ತದೆ. ಆ ಚಿತ್ರದಲ್ಲಿ ಹಸಿದವರ ಉದ್ದನೆಯ ಸಾಲು. ಸಾಲಿನ ಈ ತುದಿಯಲ್ಲಿ ಸೌಟು ಹಿಡಿದು ಪ್ರಸನ್ನವದನನಾಗಿ ನಿಂತವನು ತಾನು. ಜನವರಿಯ ತೇಜೆಯಲ್ಲಿ ಸೌಟು ಇತ್ತು, ನಾನಿದ್ದೆ, ಸಾಲು ಇರಲಿಲ್ಲ. ಕೆಲವು ವಾರ ಬಂದ ಅತಿಥಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಪೋಲೆಂಡಿನ ಹುಡುಗ ಬೇಯಿಸಿದ್ದನ್ನು ಕೊರಿಯಾದ ಹುಡುಗಿ ಬಡಿಸುತ್ತಿದ್ದಳು, ಕೀನ್ಯಾದವನು ಉಣ್ಣುತ್ತಿದ್ದ, ಅವನು ಉಂಡ ಬಟ್ಟಲನ್ನು ನಾನು ತೊಳೆಯುತ್ತಿದ್ದೆ. ಮಾರನೆಯ ದಿನ ಸರದಿ ಬದಲು. ಇಷ್ಟು ದೇಶ ದಾಟಿ, ವೀಸಾ ಕಚೇರಿಯಲ್ಲಿ ಅಷ್ಟು ಕಾಗದ ಕೊಟ್ಟು ಬಂದ ನಾವೆಲ್ಲ ಪರಸ್ಪರ ಎಂಜಲು ಬಟ್ಟಲು ತೊಳೆದುಕೊಂಡಿದ್ದೆವು.

ಡಿಸೆಂಬರ್ ಕೊನೆಗೆ ಆ ಗುಡ್ಡದ ಮೇಲೆ ಸೂರ್ಯ ಹುಟ್ಟುವಾಗ ಎಂಟೂಕಾಲು ದಾಟಿರುತ್ತದೆ. ಹಾಗಾಗಿ ಬೆಳಗಿನ ಪ್ರಾರ್ಥನೆಗೆ ಗಂಟೆ ಬಾರಿಸುವುದು ಹೆಚ್ಚುಕಡಿಮೆ ಕತ್ತಲಲ್ಲೇ. ಕೆಳಗಿನ ಕಣಿವೆಯಿಂದ ಮಂಜು ಏರಿ ಬಂದಿದ್ದರಂತೂ ಗಂಟೆ ಯಾವ ದಿಕ್ಕಿನಲ್ಲಿ ಹೊಡೆಯುತ್ತಿದೆ ಎಂಬುದೂ ತಿಳಿಯದು. ಹಾಸಿಗೆ ಬಿಟ್ಟೇಳುವುದು ಮೊದಲ ತ್ಯಾಗ. ಕಾಲುಚೀಲದ ಮೇಲೊಂದು ಕಾಲುಚೀಲ, ಅಂಗಿಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕೋಟು ಏರಿಸಿ, ಅಷ್ಟಾದ ಮೇಲೆ ಬೀಗದ ಕೈ ಒಳಗಿನ ಪ್ಯಾಂಟಿನ ಜೇಬಿನಲ್ಲಿದೆ ಎಂದು ನೆನಪಾಗುವುದು ಎರಡನೆಯದು.

ಚರ್ಚಿನ ಕಥೆಯೂ ತಮಾಷೆಯದೇ. ಅದನ್ನು ಕಟ್ಟಿಕೊಟ್ಟವರು ಜರ್ಮನಿಯಿಂದ ಬಂದ ಯುವ ಸ್ವಯಂಸೇವಕರು. ಯುದ್ಧದಲ್ಲಿ ತಮ್ಮ ದೇಶ ಮಾಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಪರನಾಡಿಗೆ ಹೋಗಿ ದುಡಿಯಬೇಕೆಂದು 1958ರಲ್ಲಿ ಹುಟ್ಟಿದ ಸಂಘಟನೆಯೊಂದು ಅವರನ್ನು ಕಳಿಸಿತ್ತು. 1962ರಲ್ಲಿ ಚರ್ಚು ತೆರೆಯಿತು. ಇಷ್ಟು ದೊಡ್ಡದು ಯಾಕೆ ಎಂದು ಆಗ ಕೇಳಿದವರಿರಬಹುದು. ಒಂಬತ್ತೇ ವರ್ಷಕ್ಕೆ, 1971ರ ಈಸ್ಟರಿಗೆ, ಬಂದ ಜನ ಹಿಡಿಸದೆ ಮುಂಗೋಡೆಯನ್ನೇ ಕೆಡವಿ ಡೇರೆ ಜೋಡಿಸಬೇಕಾಯಿತು. ಈಗ ಹಿಂಭಾಗಕ್ಕೆ ಸಾಲಾಗಿ ಸೇರಿಸಿದ ಅಂಕಣಗಳಿವೆ. ಜನ ಬಂದಂತೆ ತೆರೆಯುತ್ತ ಹೋಗಬಹುದು. ಚಳಿಗಾಲದಲ್ಲಿ ಅವನ್ನೆಲ್ಲ ಮುಚ್ಚಿ ಚರ್ಚನ್ನೂ ಮುದುರಿ ಕೂರಿಸುತ್ತಾರೆ. ಚಳಿಗೆ ಮೈ ಮುದುರಿಕೊಳ್ಳುವುದು ಕಟ್ಟಡಕ್ಕೂ ಗೊತ್ತಿದೆ ಅಂದುಕೊಂಡು ನಾನು ಸಮಾಧಾನಪಡುತ್ತಿದ್ದೆ.

ದಿನಕ್ಕೆ ಮೂರು ಪ್ರಾರ್ಥನೆ. ಬಿಳಿ ನಿಲುವಂಗಿಯ ಬ್ರದರುಗಳು ನಡುವೆ, ನಾವು ಅಕ್ಕಪಕ್ಕದಲ್ಲಿ ನೆಲದ ಮೇಲೆ. ಒಂದೆರಡು ಸಾಲಿನ ಹಾಡನ್ನೇ ತಿರುಗಿ ತಿರುಗಿ ಹಾಡುವುದು, ಇವತ್ತು ಲ್ಯಾಟಿನ್, ನಾಳೆ ಪೋಲಿಷ್. ನಡುವೆ ಹತ್ತು ನಿಮಿಷದ ಹತ್ತಿರ ಪೂರ್ತಿ ಮೌನ. ಬೇಸಿಗೆಯಲ್ಲಿ ಆ ಮೌನ ತುಂಬ ಗಂಭೀರವಾಗಿರುತ್ತದಂತೆ, ಕೇಳಿ ಬಲ್ಲೆ. ಚಳಿಗಾಲದ ಮೌನದಲ್ಲಿ ಮೂಗುಗಳು ಮಾತಾಡುತ್ತವೆ. ಒಬ್ಬರು ಸೊರ್ ಎಂದು ಎಳೆದುಕೊಂಡರೆ ಮೂಲೆಯಿಂದ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಕರವಸ್ತ್ರ ತೆಗೆಯೋಣವೆಂದರೆ ಅದು ಇರುವುದು ಬೀಗದ ಕೈ ಇರುವ ಜೇಬಿನಲ್ಲೇ. ನನ್ನ ಎಷ್ಟೋ ಧ್ಯಾನ ಮೂಗಿನ ತುದಿಯಲ್ಲಿ ತೂಗುತ್ತಿದ್ದ ಹನಿಯೊಂದರ ಮೇಲೆಯೇ ಏಕಾಗ್ರವಾಗಿ ನಡೆದಿದೆ. ಶನಿವಾರ ರಾತ್ರಿಗೆ ಮಾತ್ರ ನಾನು ಕಾಯುತ್ತಿದ್ದೆ. ಅಂದು ಎಲ್ಲರ ಕೈಯಲ್ಲೂ ಪುಟ್ಟ ಮೇಣದ ಬತ್ತಿ. ಒಬ್ಬರಿಂದ ಒಬ್ಬರಿಗೆ ಬೆಳಕು ದಾಟುತ್ತದೆ. ಪುನರುತ್ಥಾನದ ಬೆಳಕು ಅದು, ಒಪ್ಪಿದೆ. ಆದರೆ ನಾನು ಇನ್ನೊಂದು ಕೈಯನ್ನು ಜ್ವಾಲೆಗೆ ಮರೆಯಾಗಿ ಹಿಡಿಯುತ್ತಿದ್ದುದು ಗಾಳಿಗೆ ಹೆದರಿಯಲ್ಲ.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ತಿಂಡಿ: ಬ್ರೆಡ್ಡು, ಬೆಣ್ಣೆ, ಒಂದೆರಡು ಕಡ್ಡಿ ಚಾಕೊಲೇಟು, ಬಟ್ಟಲಲ್ಲಿ ಚಹಾ. ಪ್ರತಿ ಊಟಕ್ಕೂ ಒಂದೇ ಚಮಚ. ಚಾಕು, ಫೋರ್ಕು ಇಲ್ಲ. ಅದೇ ಚಮಚದ ಹಿಂಬದಿಯಿಂದ ಬೆಣ್ಣೆ ಸವರಬೇಕು. ಚಳಿಗೆ ಕಲ್ಲಾದ ಬೆಣ್ಣೆ ಬ್ರೆಡ್ಡಿನ ಮೇಲೆ ಹರಡುವುದಿಲ್ಲ, ಬ್ರೆಡ್ಡನ್ನೇ ಹರಿಯುತ್ತದೆ. ಪೋಲೆಂಡಿನ ಹುಡುಗ ಒಂದು ಉಪಾಯ ಕಂಡುಹಿಡಿದಿದ್ದ. ಚಮಚವನ್ನು ಬಿಸಿ ಚಹಾದಲ್ಲಿ ಅದ್ದಿಟ್ಟು, ಇಪ್ಪತ್ತು ಎಣಿಸಿ ತೆಗೆದು, ಹಾಗೇ ಬೆಣ್ಣೆಗೆ ಒತ್ತುವುದು. ಚಹಾದ ಮೇಲೆ ಜಿಡ್ಡಿನ ಚಕ್ರಗಳು ತೇಲುತ್ತಿದ್ದವು, ಅವನು ಅವನ್ನೂ ಕುಡಿಯುತ್ತಿದ್ದ. ನಾನು ಮೊದಲ ವಾರ ಅಸಹ್ಯಪಟ್ಟೆ. ಎರಡನೆಯ ವಾರ ನಾನೂ ಇಪ್ಪತ್ತು ಎಣಿಸುತ್ತಿದ್ದೆ.

ನಮ್ಮಲ್ಲಿ ಕೆಲವರು ಚಳಿಗಾಲವಿಡೀ ಗುಡ್ಡದ ಮೇಲಿರುವುದಿಲ್ಲ. ವರ್ಷದ ಕೊನೆಯ ದಿನಗಳಲ್ಲಿ ಯುರೋಪಿನ ಯಾವುದಾದರೂ ಒಂದು ನಗರದಲ್ಲಿ ತೇಜೆಯವರ ದೊಡ್ಡ ಕೂಟ ನಡೆಯುತ್ತದೆ. ಮೊದಲನೆಯದು 1978ರಲ್ಲಿ, ಪ್ಯಾರಿಸ್ಸಿನಲ್ಲಿ. ಅದರ ತಯಾರಿಗೆ ಒಂದು ತಂಡ ತಿಂಗಳುಗಳ ಮೊದಲೇ ಆ ನಗರಕ್ಕೆ ಹೋಗಿ ಬೀಡು ಬಿಡುತ್ತದೆ. ಕೆಲಸವೆಂದರೆ ಚರ್ಚಿನಿಂದ ಚರ್ಚಿಗೆ ಅಲೆದು, 'ನಿಮ್ಮ ಮನೆಯಲ್ಲಿ ಇಬ್ಬರಿಗೆ ಮಲಗುವಷ್ಟು ನೆಲ ಸಿಗಬಹುದೇ, ಹಾಸಿಗೆ ಬೇಡ' ಎಂದು ಗುರುತಿಲ್ಲದವರನ್ನು ಕೇಳುವುದು. 2024ರ ಕೂಟ ನಡೆದದ್ದು ಎಸ್ಟೋನಿಯಾದ ತಾಲಿನ್‌ನಲ್ಲಿ. ಡಿಸೆಂಬರ್ ಕೊನೆಗೆ ಅಲ್ಲಿ ಒಂಬತ್ತು ದಾಟಿದ ಮೇಲೆ ಬೆಳಗಾಗುತ್ತದೆ, ಮೂರೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಅಂಥ ಕತ್ತಲಲ್ಲಿ ಬಾಗಿಲು ತೆರೆದು ಅಪರಿಚಿತರಿಗೆ ನೆಲ ಕೊಟ್ಟವರ ಧೈರ್ಯ ದೊಡ್ಡದೋ, ಕೇಳಿದವರದ್ದು ದೊಡ್ಡದೋ, ನನಗೆ ತೀರ್ಮಾನವಾಗಿಲ್ಲ. ನನ್ನನ್ನು ಅಂಥ ಕೆಲಸಕ್ಕೆ ಕಳಿಸದೇ ಇದ್ದದ್ದು ಬ್ರದರುಗಳ ವಿವೇಕ. ಒಂದು ಲೋಟ ನೀರು ಕೇಳಲೂ ನಾನು ಎರಡು ಸಲ ಕೆಮ್ಮುವವನು.

ಹಾಗಾಗಿ ನನಗೆ ಪಾತ್ರೆ. ಅದರಲ್ಲೂ ಒಂದು ಸುಖವಿತ್ತು ಎಂದು ತಡವಾಗಿ ತಿಳಿಯಿತು. ಇಡೀ ದಿನದಲ್ಲಿ ಮೊಣಕೈವರೆಗೆ ಬಿಸಿನೀರಿನಲ್ಲಿರುವ ಭಾಗ್ಯ ಪಾತ್ರೆ ತೊಳೆಯುವವನಿಗೆ ಮಾತ್ರ. ಈ ಗುಟ್ಟು ಹರಡಿದ ಮೇಲೆ ಬಚ್ಚಲ ತೊಟ್ಟಿಯ ಮುಂದೆ ನಮ್ಮ ನಮ್ಮಲ್ಲೇ ನೂಕುನುಗ್ಗಲು. 'ನೀನು ದಣಿದಿದ್ದೀಯ, ನಾನು ತೊಳೀತೀನಿ ಬಿಡು' ಎನ್ನುವ ಮಾತಿನಲ್ಲಿ ಪ್ರೀತಿ ಎಷ್ಟು, ಬಿಸಿನೀರಿನ ಆಸೆ ಎಷ್ಟು ಎಂದು ಬಿಡಿಸಿ ಹೇಳುವಂತಿರಲಿಲ್ಲ. ಲೂಕನ ಶುಭಸಂದೇಶದಲ್ಲಿ ಮಾರ್ಥಳು ಒಬ್ಬಳೇ ಕೆಲಸ ಮಾಡಿ ಸಾಕಾಗಿ, ಯೇಸುವಿನ ಪಾದದ ಬಳಿ ಕೂತ ತಂಗಿಯ ಮೇಲೆ ದೂರು ಹೇಳುತ್ತಾಳಲ್ಲ, ಅದನ್ನು ಒಂದು ದಿನ ಬೈಬಲ್ ಅಧ್ಯಯನದಲ್ಲಿ ಓದಿದೆವು. ಮರಿಯಳೇ ಒಳ್ಳೆಯ ಭಾಗ ಆರಿಸಿಕೊಂಡಳು ಅಂತ ಬರುತ್ತದೆ. ಕೀನ್ಯಾದವನು ಮೆಲ್ಲನೆ ನನ್ನ ಕಿವಿಯಲ್ಲಿ, 'ಅಡುಗೆಮನೆ ಬೆಚ್ಚಗಿತ್ತು ಅಂತ ಮಾರ್ಥಳಿಗೆ ಗೊತ್ತಾಗಲಿಲ್ಲ' ಎಂದ.

ಜನವರಿಯ ಒಂದು ಸಂಜೆ, ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಬೀಳುತ್ತಿದ್ದಾಗ, ಕೊನೆಯ ಬಸ್ಸಿನಿಂದ ಒಬ್ಬ ಇಳಿದ. ಆ ವಾರ ಹೊಸದಾಗಿ ಬಂದವನು ಅವನೊಬ್ಬನೇ. ಬೆನ್ನ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಬಾಗಿಲು ದಾಟುವ ಮೊದಲೇ ಎಂಟು ಜನ ಎದ್ದೆವು. ಒಬ್ಬರು ಚೀಲ ಕಿತ್ತುಕೊಂಡರು, ಒಬ್ಬರು ಕುರ್ಚಿ ಎಳೆದರು, ಇಬ್ಬರು ಎರಡು ಕಂಬಳಿ ತಂದು ಯಾವುದು ಹೆಚ್ಚು ದಪ್ಪ ಎಂದು ವಾದಕ್ಕೆ ನಿಂತರು. ಪಾಪ, ದರೋಡೆಕೋರರ ಕೈಗೆ ಸಿಕ್ಕವನಂತೆ ಅವನು ನಮ್ಮನ್ನು ನೋಡುತ್ತಿದ್ದ. ಚಹಾ ತರುವ ಅದೃಷ್ಟ ನನ್ನದಾಯಿತು. ತುಂಬಿದ ಬಟ್ಟಲನ್ನು ಅವನ ಮುಂದೆ ಹಿಡಿದೆ. ಅವನು ಬಲಗೈ ಚಾಚಿದ, ಬಟ್ಟಲಿನ ಒಂದು ಪಕ್ಕ ನೋಡಿದ, ತಲೆ ಓರೆ ಮಾಡಿ ಇನ್ನೊಂದು ಪಕ್ಕವನ್ನೂ ನೋಡಿದ. ಹಿಡಿ ಸಿಗಲಿಲ್ಲ. ಆಮೇಲೆ ಎಡಗೈಯನ್ನೂ ಚಾಚಿದ.